ಚೌಕದ ಮೇಲೆ ವೃತ್ತ: ಸೆಲ್ಜೂಕ್ ಮಸೀದಿಯಿಂದ ಹುಕ್ಕೇರಿ ಗುಮ್ಮಟದವರೆಗೆ

ಬೆಳಗಾವಿ ಜಿಲ್ಲೆಯ ಹಳೆಯ ಗುಮ್ಮಟಗಳ ವಂಶಾವಳಿಯನ್ನು ಹಿಂದಕ್ಕೆ ಹಿಡಿದು ಹೋದರೆ ಅದು ಇರಾನಿನ ಇಸ್ಫಹಾನ್ ಪಟ್ಟಣದ ಜುಮ್ಮಾ ಮಸೀದಿಗೆ ತಲುಪುತ್ತದೆ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ, ಸೆಲ್ಜೂಕ್ ತುರ್ಕರ ಆಳ್ವಿಕೆಯಲ್ಲಿ, ಆ ಮಸೀದಿಯ ಎರಡು ತುದಿಗಳಲ್ಲಿ ಎರಡು ಇಟ್ಟಿಗೆಯ ಗುಮ್ಮಟಗಳು ಎದ್ದವು. ಹುಕ್ಕೇರಿಯ ಗುಮ್ಮಟಗಳು ಅವುಗಳಿಗಿಂತ ನಾಲ್ಕು ಶತಮಾನಕ್ಕೂ ಹೆಚ್ಚು ಕಿರಿಯವು. ಇಟ್ಟಿಗೆಯ ನಾಡಿನಿಂದ ಕಲ್ಲಿನ ನಾಡಿಗೆ ಬಂದ ಈ ವಿದ್ಯೆಯ ದಾರಿಯಲ್ಲಿ ಕಲಬುರಗಿ, ಬೀದರ್, ಬಿಜಾಪುರಗಳು ನಿಲ್ದಾಣಗಳಂತೆ ಸಿಗುತ್ತವೆ.

ಸೆಲ್ಜೂಕರು ಮೂಲತಃ ಮಧ್ಯ ಏಷ್ಯಾದ ಅಲೆಮಾರಿ ತುರ್ಕರು. ಅವರ ನಾಯಕ ತುಘ್ರಿಲ್ 1038ರಲ್ಲಿ ನಿಶಾಪುರವನ್ನು ಹಿಡಿದ. 1040ರಲ್ಲಿ ದಂದಾನಕಾನ್ ಎಂಬಲ್ಲಿ ಘಜ್ನಿಯ ಸುಲ್ತಾನನ ಸೈನ್ಯವನ್ನು ಸೆಲ್ಜೂಕರು ಮುರಿದರು. ಹೀಗೆ ಸೋತವನು ನಮ್ಮ ಪಾಠಪುಸ್ತಕಗಳಲ್ಲಿ ಬರುವ ಘಜ್ನಿ ಮಹಮೂದನ ಮಗ ಮಸೂದ್. 1055ರಲ್ಲಿ ತುಘ್ರಿಲ್ ಬಾಗ್ದಾದನ್ನು ಹೊಕ್ಕ. 1071ರ ಮಂಜಿಕರ್ಟ್ ಯುದ್ಧದಲ್ಲಿ ಬೈಜಾಂಟಿಯನ್ ಚಕ್ರವರ್ತಿಯೇ ಸೆಲ್ಜೂಕರ ಸೆರೆಗೆ ಬಿದ್ದ ಮೇಲೆ ಇಂದಿನ ತುರ್ಕಿಯ ಬಾಗಿಲು ಅವರಿಗೆ ತೆರೆಯಿತು. ಕುದುರೆಯ ಮೇಲೆ ಬಂದ ಈ ಜನಕ್ಕೆ ರಾಜ್ಯ ನಡೆಸುವ ಬುದ್ಧಿಯನ್ನು ಕೊಟ್ಟವರು ಪರ್ಷಿಯನ್ ಮಂತ್ರಿಗಳು; ಕಟ್ಟಡ ಕಟ್ಟಿಕೊಟ್ಟವರು ಪರ್ಷಿಯನ್ ಗೌಂಡಿಗಳು. ಆದ್ದರಿಂದ ಸೆಲ್ಜೂಕ್ ವಾಸ್ತು ಎಂದರೆ ತುರ್ಕರ ದುಡ್ಡು, ಇರಾನಿಯರ ಕೈಕೆಲಸ ಎಂದೇ ತಿಳಿಯಬೇಕು.

ಇಸ್ಫಹಾನಿನ ಜುಮ್ಮಾ ಮಸೀದಿ ಸೆಲ್ಜೂಕರಿಗಿಂತ ಹಳೆಯದು. ಎಂಟನೆಯ ಶತಮಾನದಲ್ಲಿ ಅಲ್ಲೊಂದು ಮಸೀದಿ ಇತ್ತು. ಒಂಬತ್ತನೆಯ ಶತಮಾನದಲ್ಲಿ ಅದನ್ನು ದೊಡ್ಡದಾಗಿ ಮತ್ತೆ ಕಟ್ಟಿದರು. ಆಗಿನ ಮಸೀದಿಗಳ ವಿನ್ಯಾಸ ಸರಳ. ನಡುವೆ ತೆರೆದ ಅಂಗಳ, ಸುತ್ತ ಸಾಲುಗಂಬಗಳ ಪಡಸಾಲೆ, ಮಕ್ಕಾದ ದಿಕ್ಕಿನ ಗೋಡೆಯಲ್ಲಿ ಮಿಹ್ರಾಬ್ ಎಂಬ ಗೂಡು. ಈ ದಿಕ್ಕಿಗೆ ಕಿಬ್ಲಾ ಎಂದು ಹೆಸರು. ಶುಕ್ರವಾರ ಊರಿಗೆ ಊರೇ ಸಾಲಾಗಿ ನಿಂತು ನಮಾಜು ಮಾಡಲು ಇಂಥ ಅಗಲವಾದ ಜಾಗ ಸಾಕು. ದೇವಸ್ಥಾನಕ್ಕೆ ಗರ್ಭಗುಡಿ ಇದ್ದಂತೆ ಮಸೀದಿಗೆ ಪವಿತ್ರ ಕೋಣೆ ಎಂಬುದಿಲ್ಲ. ಕಂಬಗಳ ಕಾಡಿನಲ್ಲಿ ಕಣ್ಣು ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಹಳೆಯ ವಿನ್ಯಾಸದಲ್ಲಿ ಬಲವಾದ ಉತ್ತರ ಇರಲಿಲ್ಲ.

ಸುಲ್ತಾನ್ ಮಲಿಕ್ ಷಾನ ಮಂತ್ರಿ ನಿಜಾಮ್ ಉಲ್ ಮುಲ್ಕ್ ಆ ಉತ್ತರವನ್ನು ಕೊಟ್ಟ. 1086-87ರ ಸುಮಾರಿಗೆ ಅವನು ಮಿಹ್ರಾಬಿನ ಮುಂದಿನ ಕಂಬಗಳನ್ನು ತೆಗೆಸಿ, ಆ ಜಾಗದಲ್ಲಿ ಚೌಕವಾದ ದೊಡ್ಡ ಕೋಣೆಯೊಂದನ್ನು ಎಬ್ಬಿಸಿ, ಅದರ ಮೇಲೆ ಸುಮಾರು 15 ಮೀಟರ್ ಅಗಲದ ಗುಮ್ಮಟ ಕೂರಿಸಿದ. ಗುಮ್ಮಟದ ಬುಡದಲ್ಲಿ ಇಟ್ಟಿಗೆಯಲ್ಲೇ ಕೆತ್ತಿದ ಅಕ್ಷರಗಳಲ್ಲಿ ಸುಲ್ತಾನನ ಹೆಸರೂ ಮಂತ್ರಿಯ ಹೆಸರೂ ಇವೆ. ಸುಲ್ತಾನ ಊರಲ್ಲಿದ್ದಾಗ ನಮಾಜಿಗೆ ನಿಲ್ಲುವ ಜಾಗ ಅದು. ಮಸೀದಿಯ ಮುಖ್ಯ ಸ್ಥಳ ಯಾವುದೆಂದು ಊರಾಚೆಯಿಂದಲೇ ಕಾಣುವಂತಾದದ್ದು ಆಗ.

ಇಲ್ಲಿ ಒಂದು ಲೆಕ್ಕದ ತೊಡಕಿದೆ. ಇಡೀ ಗುಮ್ಮಟ ವಾಸ್ತುವಿನ ಕತೆ ನಿಂತಿರುವುದೇ ಆ ತೊಡಕಿನ ಮೇಲೆ. ಕೋಣೆ ಚೌಕ, ಗುಮ್ಮಟದ ಬುಡ ದುಂಡು. ದುಂಡಗಿನ ಬುಡ ಚೌಕದ ನಾಲ್ಕು ಗೋಡೆಗಳ ನಡುಭಾಗವನ್ನು ಮಾತ್ರ ಮುಟ್ಟುತ್ತದೆ. ನಾಲ್ಕು ಮೂಲೆಗಳಲ್ಲಿ ಕೆಳಗೆ ಆಧಾರವೇ ಇರುವುದಿಲ್ಲ. ಟನ್ನುಗಟ್ಟಲೆ ಭಾರ ಗಾಳಿಯಲ್ಲಿ ನಿಲ್ಲಲಾರದು. ಇದಕ್ಕೆ ಇರಾನಿನ ಗೌಂಡಿಗಳು ಇಸ್ಲಾಮಿಗಿಂತ ಮುಂಚಿನಿಂದಲೂ ಬಳಸುತ್ತಿದ್ದ ಉಪಾಯ ಮೂಲೆಗಮಾನು. ಅಂದರೆ, ಗೋಡೆ ಸಾಕಷ್ಟು ಎತ್ತರಕ್ಕೆ ಬಂದ ಮೇಲೆ ಪ್ರತಿ ಮೂಲೆಗೂ ಅಡ್ಡವಾಗಿ, ಒಂದು ಗೋಡೆಯಿಂದ ಪಕ್ಕದ ಗೋಡೆಗೆ, ಸಣ್ಣ ಕಮಾನು ಕಟ್ಟುವುದು. ನಾಲ್ಕು ಗೋಡೆಗೆ ನಾಲ್ಕು ಮೂಲೆಗಮಾನು ಸೇರಿ ಚೌಕ ಎಂಟು ಮೂಲೆಯದಾಗುತ್ತದೆ. ಎಂಟು ಮೂಲೆಯ ಮೇಲೆ ಇನ್ನೊಂದು ಸಾಲು ಸಣ್ಣ ಕಮಾನು ಎಬ್ಬಿಸಿದರೆ ಹದಿನಾರಾಗುತ್ತದೆ. ಹದಿನಾರು ಬದಿಯ ಆಕೃತಿಗೂ ವೃತ್ತಕ್ಕೂ ಇರುವ ಅಂತರವನ್ನು ಗಾರೆಯೇ ತುಂಬಿಬಿಡುತ್ತದೆ.

ಸೆಲ್ಜೂಕ್ ಕಾಲದ ಗೌಂಡಿಗಳು ಈ ಮೂಲೆಗಮಾನನ್ನು ಹಾಗೇ ಬಿಡಲಿಲ್ಲ. ದೊಡ್ಡ ಕಮಾನಿನ ಹೊಟ್ಟೆಯೊಳಗೆ ಮೂರು ಎಸಳುಗಳಾಗಿ ಒಡೆದು, ಭಾರ ಹಂತ ಹಂತವಾಗಿ ಕೆಳಗಿಳಿಯುವಂತೆ ಮಾಡಿದರು. ನೋಡುವವರಿಗೆ ಅದು ಅಲಂಕಾರ, ಕಟ್ಟುವವರಿಗೆ ಭಾರದ ಹಾದಿ. ಮುಂದೆ ಇಸ್ಲಾಮಿ ವಾಸ್ತುವಿನಲ್ಲೆಲ್ಲ ಕಾಣುವ ಜೇನುಗೂಡಿನಂಥ ಕೆತ್ತನೆಗೂ ಈ ಬಗೆಯ ಒಡೆದ ಮೂಲೆಗಮಾನಿಗೂ ಹತ್ತಿರದ ನಂಟಿದೆ.

ನಿಜಾಮ್ ಉಲ್ ಮುಲ್ಕನಿಗೆ ಆಸ್ಥಾನದಲ್ಲಿ ಒಬ್ಬ ಎದುರಾಳಿಯಿದ್ದ, ಹೆಸರು ತಾಜ್ ಉಲ್ ಮುಲ್ಕ್. ಅವನು 1088ರಲ್ಲಿ ಅದೇ ಮಸೀದಿಯ ಉತ್ತರದ ತುದಿಯಲ್ಲಿ ತನ್ನದೇ ಒಂದು ಗುಮ್ಮಟ ಕಟ್ಟಿಸಿದ. ಗಾತ್ರದಲ್ಲಿ ಇದು ಚಿಕ್ಕದು, ಅಗಲ ಸುಮಾರು 10 ಮೀಟರ್, ಎತ್ತರ ಸುಮಾರು 20. ಆದರೆ ಚೆಲುವಿನಲ್ಲಿ ಎದುರಿನದನ್ನು ಸೋಲಿಸುತ್ತದೆ. ಕೆಳಗಿನ ಗೋಡೆಯ ಗೆರೆಗಳು ಮೂಲೆಗಮಾನುಗಳಿಗೆ, ಅಲ್ಲಿಂದ ಹದಿನಾರು ಸಣ್ಣ ಕಮಾನುಗಳಿಗೆ, ಅಲ್ಲಿಂದ ಗುಮ್ಮಟಕ್ಕೆ ಎಲ್ಲೂ ಕಡಿಯದೆ ಏರುತ್ತವೆ. ಗುಮ್ಮಟದ ಒಳಮೈಯಲ್ಲಿ ಇಟ್ಟಿಗೆಯ ಪಟ್ಟಿಗಳು ಐದು ಮೂಲೆಯ ನಕ್ಷತ್ರವಾಗಿ ಹೆಣೆದುಕೊಂಡಿವೆ. ಬಣ್ಣವಿಲ್ಲ, ಹೆಂಚಿಲ್ಲ, ಬರೀ ಇಟ್ಟಿಗೆ. ಒಂಬತ್ತು ಶತಮಾನಗಳಲ್ಲಿ ಎಷ್ಟೋ ಭೂಕಂಪಗಳನ್ನು ಕಂಡರೂ ಅದು ಗಟ್ಟಿಯಾಗಿ ನಿಂತಿದೆ. ಆಸ್ಥಾನದ ಮತ್ಸರದಿಂದ ಇಷ್ಟು ಒಳ್ಳೆಯ ಫಲ ಸಿಕ್ಕ ಉದಾಹರಣೆ ಇತಿಹಾಸದಲ್ಲಿ ಅಪರೂಪ. ನಿಜಾಮ್ ಉಲ್ ಮುಲ್ಕ್ 1092ರಲ್ಲಿ ಕೊಲೆಯಾದ. ಮಲಿಕ್ ಷಾನೂ ಅದೇ ವರ್ಷ ತೀರಿಕೊಂಡ.

1121-22ರಲ್ಲಿ ಮಸೀದಿಗೆ ಬೆಂಕಿ ಬಿತ್ತು. ಅದರ ನಂತರದ ಕಟ್ಟೋಣದಲ್ಲಿ ಅಂಗಳದ ನಾಲ್ಕೂ ಬದಿಯ ನಡುವೆ ಒಂದೊಂದು ಇವಾನ್ ಬಂದಿತು. ಇವಾನ್ ಎಂದರೆ ಮುಂಭಾಗ ಪೂರ್ತಿ ತೆರೆದಿರುವ, ಎತ್ತರದ ಕಮಾನಿನ ಪಡಸಾಲೆ. ಅಂಗಳದ ನಡುವೆ ನಿಂತವರಿಗೆ ನಾಲ್ಕು ದಿಕ್ಕಿನಲ್ಲೂ ಒಂದೊಂದು ಮಹಾದ್ವಾರ ಕಾಣುತ್ತದೆ. ಅವುಗಳಲ್ಲಿ ಕಿಬ್ಲಾದ ಕಡೆಯದು ಗುಮ್ಮಟದ ಕೋಣೆಗೆ ಕರೆದೊಯ್ಯುತ್ತದೆ. ಮೊದಲಿನಿಂದಲೇ ಈ ನಾಲ್ಕು ಇವಾನ್‌ಗಳ ಲೆಕ್ಕದಲ್ಲಿ ಕಟ್ಟಿದ ಮಸೀದಿಗಳಲ್ಲಿ ಕಾಲ ಖಚಿತವಾಗಿ ತಿಳಿದಿರುವ ಅತಿ ಹಳೆಯದು ಜವಾರೆ ಎಂಬ ಸಣ್ಣ ಊರಿನದು, 1135ರದು. ಅಲ್ಲಿಂದಾಚೆ ಇರಾನಿನ ಜುಮ್ಮಾ ಮಸೀದಿ ಎಂದರೆ ಇದೇ ರೂಪ ಎನ್ನುವಷ್ಟು ಅದು ನೆಲೆಯೂರಿತು. ಇಸ್ಫಹಾನಿನ ಮಸೀದಿಯನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದೇ ಕಾಲದ ಇನ್ನೆರಡು ಊರುಗಳ ಹೆಸರು ಕನ್ನಡ ಓದುಗರಿಗೆ ಮುಂದೆ ಬೇಕಾಗುತ್ತದೆ. ಒಂದು ಕಜ್ವೀನ್, ಅಲ್ಲಿಯ ಜುಮ್ಮಾ ಮಸೀದಿಯ ಗುಮ್ಮಟದ ಕೋಣೆ ಹನ್ನೆರಡನೆಯ ಶತಮಾನದ ಮೊದಲ ಭಾಗದ್ದು. ಇನ್ನೊಂದು ಸಾವೆ, ಅಲ್ಲಿಯ ಜುಮ್ಮಾ ಮಸೀದಿಯ ಇಟ್ಟಿಗೆಯ ಮಿನಾರು 1110ರದು. ಎರಡೂ ಸೆಲ್ಜೂಕರ ಕಾಲದವೇ.

ಸೆಲ್ಜೂಕರ ಇನ್ನೊಂದು ಕವಲು ಇಂದಿನ ತುರ್ಕಿಯ ಕೊನ್ಯಾದಲ್ಲಿ ನೆಲೆಸಿತು. ಅದು ಕಲ್ಲು ಹೇರಳವಾಗಿ ಸಿಗುವ ನಾಡು; ಹಾಗಾಗಿ ಅಲ್ಲಿ ಇಟ್ಟಿಗೆ ಹಿಂದೆ ಸರಿದು ಕೆತ್ತಿದ ಕಲ್ಲು ಮುಂದೆ ಬಂತು. 1228-29ರ ದಿವ್ರಿಯಿ ಮಸೀದಿಯ ಬಾಗಿಲುವಾಡಗಳ ಕಲ್ಲುಕೆತ್ತನೆ ಅದರ ಅತ್ಯುತ್ತಮ ಮಾದರಿ. ಕೊನ್ಯಾದ ಅಲಾಉದ್ದೀನ್ ಮಸೀದಿಯ ಒಳಗಿನ ಕಂಬಗಳಲ್ಲಿ ಬಹಳಷ್ಟು ಹಳೆಯ ರೋಮನ್, ಬೈಜಾಂಟಿಯನ್ ಕಟ್ಟಡಗಳಿಂದ ತಂದವು. ನೆಲ ಬದಲಾದರೆ ಸಾಮಗ್ರಿಯೂ ಬದಲಾಗುತ್ತದೆ, ಹೊಸ ಕಟ್ಟಡದಲ್ಲಿ ಹಳೆಯ ಕಂಬಗಳು ಸೇರಿಕೊಳ್ಳುತ್ತವೆ. ಈ ಎರಡೂ ಸಂಗತಿ ಕರ್ನಾಟಕದಲ್ಲೂ ಮರುಕಳಿಸಿದವು.

ಸಮಾಧಿಯ ಮೇಲಿನ ಗುಮ್ಮಟಕ್ಕೂ ಸೆಲ್ಜೂಕರಲ್ಲೇ ದೊಡ್ಡ ಮೇಲ್ಪಂಕ್ತಿಯಿದೆ. 1157ರಲ್ಲಿ ಸತ್ತ ಸುಲ್ತಾನ್ ಸಂಜರನ ಗೋರಿ ಇಂದಿನ ತುರ್ಕ್ಮೇನಿಸ್ತಾನದ ಮರ್ವ್‌ನಲ್ಲಿದೆ. ಹೊರಗಿನಿಂದ ಪ್ರತಿ ಬದಿ ಸುಮಾರು 27 ಮೀಟರಿನ ಚೌಕ, ದಪ್ಪ ಗೋಡೆ, ಮೇಲುಭಾಗದಲ್ಲಿ ಕಮಾನುಗಳ ಓಣಿ, ನಡುವೆ 17 ಮೀಟರ್ ಅಗಲದ ಗುಮ್ಮಟ. ಮಿಹ್ರಾಬಿನ ಮುಂದಿನ ಗುಮ್ಮಟದ ಕೋಣೆಯನ್ನು ಮಸೀದಿಯಿಂದ ಬಿಡಿಸಿ ಬಯಲಲ್ಲಿ ಒಂಟಿಯಾಗಿ ನಿಲ್ಲಿಸಿದರೆ ಸಿಗುವುದು ಇದೇ ಆಕಾರ. ಉತ್ತರ ಕರ್ನಾಟಕದವರು ಗುಮ್ಮಟ ಎಂದ ಕೂಡಲೇ ಕಣ್ಣಮುಂದೆ ತಂದುಕೊಳ್ಳುವುದೂ ಈ ಆಕಾರವನ್ನೇ.

ಹದಿಮೂರನೆಯ ಶತಮಾನದಲ್ಲಿ ಮಂಗೋಲರ ದಾಳಿಗೆ ಇರಾನಿನ ಊರುಗಳು ಹಾಳಾದವು. ವಿದ್ವಾಂಸರು, ಸೈನಿಕರು, ಕುಶಲಕರ್ಮಿಗಳು ದಿಕ್ಕುಪಾಲಾಗಿ ಹೊರಟರು. ಕೆಲವರು ದಿಲ್ಲಿಗೆ ಬಂದರು. ಮುಂದೆ ದಿಲ್ಲಿಯ ತುಘಲಕರ ಹಿಡಿತದಿಂದ ದಖನ್ ತಪ್ಪಿಸಿಕೊಂಡು 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ, ಇರಾನಿನ ಬಂದರುಗಳಿಂದ ನೇರವಾಗಿ ಕೊಂಕಣದ ದಾಭೋಳ, ಚೌಲ್, ಗೋವೆಗಳಿಗೆ ಬರುವ ದಾರಿ ತೆರೆಯಿತು. ಆ ಹಡಗುಗಳಲ್ಲಿ ಮುಖ್ಯವಾಗಿ ಬರುತ್ತಿದ್ದದ್ದು ಕುದುರೆ. ದಖನ್ನಿನ ಸುಲ್ತಾನರಿಗೂ ವಿಜಯನಗರಕ್ಕೂ ಕುದುರೆಯಿಲ್ಲದೆ ಯುದ್ಧವಿರಲಿಲ್ಲ. ಕುದುರೆಯ ಜೊತೆಗೆ ಮನುಷ್ಯರೂ ಬಂದರು.

ಅವರಲ್ಲಿ ಒಬ್ಬನ ಹೆಸರು ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯ ಶಾಸನದಲ್ಲಿದೆ. ಶಂಸನ ಮಗ ರಫೀ, ಊರು ಕಜ್ವೀನ್. ಶಾಸನದ ಕಾಲ 1367. ಸೆಲ್ಜೂಕ್ ಗುಮ್ಮಟವಿದ್ದ ಊರಿನವನೊಬ್ಬನ ಹೆಸರು ಕನ್ನಡ ನಾಡಿನ ಮಸೀದಿಯ ಮೇಲೆ ಉಳಿದಿರುವುದು ಸಣ್ಣ ಸಂಗತಿಯಲ್ಲ. ಆದರೆ ಆ ಕಟ್ಟಡ ಕಜ್ವೀನಿನ ಮಸೀದಿಯ ನಕಲಲ್ಲ. ಅಂಗಳವೇ ಇಲ್ಲದ, ಪೂರ್ತಿ ಮಾಡು ಹೊದೆದ ಮಸೀದಿ ಅದು. 216 ಅಡಿ ಉದ್ದ, 176 ಅಡಿ ಅಗಲ. ಒಳಗೆ ಸಾಲು ಸಾಲು ಕಂಬಗಳ ಮೇಲೆ 63 ಸಣ್ಣ ಗುಮ್ಮಟಗಳು, ನಾಲ್ಕು ಮೂಲೆಗಳಲ್ಲಿ ಸ್ವಲ್ಪ ದೊಡ್ಡವು ನಾಲ್ಕು, ಮಿಹ್ರಾಬಿನ ಮುಂದೆ ಎತ್ತರಿಸಿದ ಚೌಕದ ಮೇಲೆ ಎಲ್ಲಕ್ಕಿಂತ ದೊಡ್ಡ ಗುಮ್ಮಟ. ಮೂರು ಬದಿಯ ಓಣಿಗಳ ಕಮಾನುಗಳು ಗಿಡ್ಡ ಕಾಲಿನ ಮೇಲೆ ಬಹಳ ಅಗಲವಾಗಿ ಬಾಗಿವೆ. ಬೇರೆ ಕಡೆ ಇಂಥ ಕಮಾನು ಸಿಗುವುದು ಕಷ್ಟ. ಅಂಗಳ ಬಿಟ್ಟದ್ದೇಕೆ ಎಂಬುದಕ್ಕೆ ಬಿಸಿಲು, ಮಳೆ ಎಂದು ಹಲವರು ಕಾರಣ ಕೊಡುತ್ತಾರೆ. ಅದೇ ಬಿಸಿಲಿನ ಬಿಜಾಪುರದಲ್ಲಿ ಮಸೀದಿಗೆ ವಿಶಾಲ ಅಂಗಳವಿರುವುದರಿಂದ ಆ ವಾದ ಪೂರ್ತಿ ನಿಲ್ಲುವುದಿಲ್ಲ. ಮಿಹ್ರಾಬಿನ ಮುಂದೆ ದೊಡ್ಡ ಗುಮ್ಮಟವಿರಬೇಕು ಎಂಬ ಸೆಲ್ಜೂಕ್ ಪದ್ಧತಿ ಮಾತ್ರ ಇಲ್ಲಿ ಹಾಗೇ ಉಳಿದುಕೊಂಡಿದೆ.

ನಾಲ್ಕು ಇವಾನ್‌ಗಳ ಯೋಜನೆ ಕರ್ನಾಟಕದಲ್ಲಿ ಸ್ಪಷ್ಟವಾಗಿ ಕಾಣುವುದು ಬೀದರಿನ ಮದರಸಾದಲ್ಲಿ. ಅದನ್ನು 1472ರಲ್ಲಿ ಕಟ್ಟಿಸಿದ ಮಹಮೂದ್ ಗಾವಾನ್ ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನ್ ಪ್ರಾಂತದವನು. 1453ರಲ್ಲಿ ದಾಭೋಳ ಬಂದರಿಗೆ ವ್ಯಾಪಾರಿಯಾಗಿ ಇಳಿದು, ಬಹಮನಿ ರಾಜ್ಯದ ಮುಖ್ಯಮಂತ್ರಿಯಾಗುವವರೆಗೆ ಏರಿದವನು. ಅಂಗಳದ ಸುತ್ತ ಮೂರು ಅಂತಸ್ತಿನ ಕೋಣೆಗಳು, ಪ್ರತಿ ಬದಿಯ ನಡುವೆ ಎತ್ತರದ ಕಮಾನು, ಮುಂಭಾಗಕ್ಕೆ ಬಣ್ಣದ ಹೆಂಚು. 1696ರಲ್ಲಿ ಮೊಗಲರ ಕಾಲದಲ್ಲಿ ಒಳಗಿಟ್ಟ ಮದ್ದು ಸಿಡಿದು ಕಟ್ಟಡದ ಬಹುಭಾಗ ಹಾಳಾಯಿತು. ಗಾವಾನನಿಗೂ ಬೆಳಗಾವಿಗೂ ಬೇರೆ ನಂಟಿದೆ. 1472-73ರಲ್ಲಿ ಬಹಮನಿ ಸೈನ್ಯ ಬೆಳಗಾವಿ ಕೋಟೆಯನ್ನು ಮುತ್ತಿ ಗೆದ್ದಾಗ ಜೊತೆಗಿದ್ದವನು ಅವನೇ. ಗೋಡೆಯಡಿ ಸುರಂಗ ತೋಡಿ ಮದ್ದಿಟ್ಟು ಸಿಡಿಸಿದ ಮುತ್ತಿಗೆ ಅದು. ಆ ಸೀಮೆ ಸುಲ್ತಾನರ ಕೈಗೆ ಬಂದದ್ದು ಹಾಗೆ.

ಬಹಮನಿ ರಾಜ್ಯ ಒಡೆದು ಬಿಜಾಪುರದಲ್ಲಿ ಆದಿಲ್‌ಶಾಹಿ ಹುಟ್ಟಿತು. ಅದರ ಮೂಲಪುರುಷ ಯೂಸುಫ್ ಆದಿಲ್ ಷಾ ಇರಾನಿನ ಸಾವೆಯಲ್ಲಿ ಬೆಳೆದವನೆಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಅವನಿಗೆ ‘ಸಾವೈ’ ಎಂಬ ಉಪನಾಮವೇ ಇತ್ತು. ಅಂದರೆ 1110ರ ಸೆಲ್ಜೂಕ್ ಮಿನಾರು ನಿಂತಿದ್ದ ಊರು ಅವನದು.

ಹುಕ್ಕೇರಿಯ ಹೆಸರು ಈ ಇತಿಹಾಸದಲ್ಲಿ ಬರುವುದು ಇನ್ನೊಬ್ಬ ಗೀಲಾನಿಯ ಮೂಲಕ. ಐನ್ ಉಲ್ ಮುಲ್ಕ್ ಗಿಲಾನಿ ಬಹಮನಿ ಕಾಲದಿಂದಲೇ ಪಶ್ಚಿಮ ಸೀಮೆಯ ದೊಡ್ಡ ಸರದಾರ. 1494ರಲ್ಲಿ ಬಹಾದೂರ್ ಗಿಲಾನಿ ಎಂಬ ಇನ್ನೊಬ್ಬ ಸರದಾರನ ದಂಗೆ ಅಡಗಿದ ಮೇಲೆ ಅವನ ಜಹಗೀರಿಯನ್ನು ಐನ್ ಉಲ್ ಮುಲ್ಕನಿಗೆ ಕೊಟ್ಟರು. 1502ರಲ್ಲಿ ಯೂಸುಫ್ ಆದಿಲ್ ಷಾ ರಾಜ್ಯದಲ್ಲಿ ಶಿಯಾ ಪದ್ಧತಿಯನ್ನು ಜಾರಿಗೆ ತಂದಾಗ ಸರದಾರರಲ್ಲಿ ಒಡಕು ಮೂಡಿತು. ಸುನ್ನಿಯಾಗಿದ್ದ ಐನ್ ಉಲ್ ಮುಲ್ಕನ ಹಳೆಯ ಅಧಿಕಾರ ತಪ್ಪಿತು, ಬದಲಿಗೆ ಹುಕ್ಕೇರಿ ಮತ್ತು ಬೆಳಗಾವಿ ಸೀಮೆ ಸಿಕ್ಕಿತು. ಅವನ ನಂತರ ಹುಕ್ಕೇರಿಯನ್ನು ಆಳಿದವರಲ್ಲಿ ಫತ್ ಉಲ್ ಮುಲ್ಕ್ ಎಂಬವನ ಹೆಸರು ಮುಖ್ಯ. ಊರಿನ ದೊಡ್ಡ ಗುಮ್ಮಟಗಳೊಂದಿಗೆ ಸೇರಿಕೊಂಡಿರುವುದು ಈ ಸರದಾರರ ಹೆಸರುಗಳೇ. ಅವು ಹದಿನಾರನೆಯ ಶತಮಾನದವು. ಬಿಜಾಪುರದ ಗೋಲಗುಂಬಜ್ ಏಳುವುದಕ್ಕೆ ಇನ್ನೂ ನೂರು ವರ್ಷದಷ್ಟು ಬಾಕಿಯಿತ್ತು. ಹುಕ್ಕೇರಿಯದನ್ನು ಗೋಲಗುಂಬಜಿನ ಮರಿ ಎಂದು ಕರೆಯುವವರು ಕಾಲವನ್ನು ತಿರುವುಮುರುವು ಮಾಡುತ್ತಾರೆ.

ಹುಕ್ಕೇರಿಯ ಈ ಗುಮ್ಮಟಗಳು ಗೋರಿಗಳು; ಅವುಗಳ ಕ್ರಮ ಮರ್ವ್‌ನದೇ. ಚೌಕ ತಳ, ದಪ್ಪ ಗೋಡೆ, ಗೋಡೆಯ ಮೈಮೇಲೆ ಕಮಾನುಗಳು, ಮೇಲೆ ಗುಮ್ಮಟ. ಬದಲಾಗಿರುವುದು ಮೈ. ಘಟಪ್ರಭಾ, ಹಿರಣ್ಯಕೇಶಿ ಹರಿಯುವ ಈ ಸೀಮೆಯಲ್ಲಿ ಕೈಗೆಟಕುವುದು ಕಲ್ಲು. ಇಸ್ಫಹಾನಿನ ಗೌಂಡಿ ಇಟ್ಟಿಗೆಯನ್ನು ಅಡ್ಡ, ಉದ್ದ, ಓರೆಯಾಗಿ ಜೋಡಿಸಿಯೇ ಗೋಡೆಗೆ ನೇಯ್ಗೆಯ ಚಂದ ತರುತ್ತಿದ್ದ. ಕಲ್ಲಿನಲ್ಲಿ ಆ ಆಟಕ್ಕೆ ಅವಕಾಶ ಕಡಿಮೆ. ಹಾಗಾಗಿ ದಖನ್ನಿನ ಗೋರಿಗಳ ಗೋಡೆ ಗಂಭೀರವಾಗಿದೆ. ಅಲಂಕಾರವೆಲ್ಲ ಕಮಾನಿನ ಅಂಚು, ಕೈಪಿಡಿ ಗೋಡೆ, ಮೂಲೆಯ ಸಣ್ಣ ಗೋಪುರ, ಗಚ್ಚಿನ ಗೀರುಗಳಿಗೆ ಸರಿದಿದೆ. ಊರಿಗೆ ನೆಲದಡಿಯಿಂದ ನೀರು ತಂದ ಆದಿಲ್‌ಶಾಹಿ ಕಾಲದ ವ್ಯವಸ್ಥೆಯೂ ಹುಕ್ಕೇರಿಯಲ್ಲಿತ್ತು. ನೆಲದೊಳಗೆ ನೀರು ಹರಿಸುವ ವಿದ್ಯೆಯ ತವರೂ ಇರಾನೇ. ಬೀದರಿನ ಕರೇಜ್ ಅದರ ಪ್ರಸಿದ್ಧ ಉದಾಹರಣೆ.

ಹಾಗೆಂದು ಗುಮ್ಮಟ ಬರುವ ಮೊದಲು ಕನ್ನಡದ ಕಲ್ಲುಕುಟಿಗರಿಗೆ ಚೌಕದ ಮೇಲೆ ವೃತ್ತ ಕೂರಿಸುವುದು ತಿಳಿದಿರಲಿಲ್ಲ ಎಂದರೆ ಅದು ತಪ್ಪು. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನು 1204ರಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ. ಅದರ ಮಂಟಪದ ಮಾಡು ಒಳಗಿನಿಂದ ದುಂಡಗೆ ಏರುತ್ತ ಹೋಗಿ, ನಡುವೆ ಕಲ್ಲಿನ ದೊಡ್ಡ ಕಮಲ ತಲೆಕೆಳಗಾಗಿ ಇಳಿಬಿದ್ದಿದೆ. ಎಸಳುಗಳು 72, ಮೂರು ಕಾಲದ ತಲಾ 24 ತೀರ್ಥಂಕರರಿಗೆ. ಇದನ್ನು ಕಟ್ಟಿದ ಬಗೆ ಬೇರೆ. ಕಂಬಗಳ ಮೇಲಿನ ಚೌಕದ ಮೂಲೆಗಳಿಗೆ ಅಡ್ಡವಾಗಿ ಚಪ್ಪಡಿ ಹಾಕಿದರೆ ಎಂಟು ಮೂಲೆ. ಅದರ ಮೇಲೆ ಒಂದೊಂದು ಸುತ್ತನ್ನೂ ಕೆಳಗಿನದಕ್ಕಿಂತ ತುಸು ಒಳಚಾಚಿ ಇಟ್ಟರೆ ಕೊನೆಗೆ ಮುಚ್ಚಿಕೊಳ್ಳುತ್ತದೆ. ಕಮಾನಿಲ್ಲ, ಗಾರೆಯ ಹಂಗಿಲ್ಲ. ಕಲ್ಲಿನ ತೂಕವೇ ಕಲ್ಲನ್ನು ಹಿಡಿಯುತ್ತದೆ. ಇರಾನಿನ ಮೂಲೆಗಮಾನು ಮತ್ತು ಚಾಲುಕ್ಯ ಪರಂಪರೆಯ ಮೂಲೆಚಪ್ಪಡಿ ಒಂದೇ ಪ್ರಶ್ನೆಗೆ ಕೊಟ್ಟ ಎರಡು ಉತ್ತರಗಳು.

ಎರಡರ ಮಿತಿಯೂ ಬೇರೆ. ಒಳಚಾಚಿದ ಚಪ್ಪಡಿ ಹೆಚ್ಚು ಅಗಲಕ್ಕೆ ಹೋಗಲಾರದು. ಕಲ್ಲು ಒಂದು ಅಳತೆ ಮೀರಿದರೆ ತನ್ನ ಭಾರಕ್ಕೆ ತಾನೇ ಮುರಿಯುತ್ತದೆ. ಅದಕ್ಕೆಂದೇ ನಮ್ಮ ಹಳೆಯ ಮಂಟಪಗಳಲ್ಲಿ ಹತ್ತಿರ ಹತ್ತಿರ ಕಂಬಗಳು. ಕಮಾನು ಮತ್ತು ಗುಮ್ಮಟದಲ್ಲಿ ಕಲ್ಲು ಅಥವಾ ಇಟ್ಟಿಗೆ ಒಂದನ್ನೊಂದು ಒತ್ತಿಕೊಂಡು ನಿಲ್ಲುವುದರಿಂದ ಅಗಲ ಹೆಚ್ಚಿಸಬಹುದು. ಬದಲಿಗೆ ಅವು ಗೋಡೆಯನ್ನು ಹೊರಕ್ಕೆ ತಳ್ಳುತ್ತವೆ. ಅದಕ್ಕೆ ಗೋಡೆ ದಪ್ಪವಿರಬೇಕು, ಗಾರೆ ಒಳ್ಳೆಯದಿರಬೇಕು. ಒಂದು ಪದ್ಧತಿ ಕೆತ್ತನೆಗೆ ಒಲಿದದ್ದು, ಇನ್ನೊಂದು ಬಯಲಿಗೆ ಒಲಿದದ್ದು. ಯಾವುದು ಮೇಲು ಎಂಬ ಜಗಳಕ್ಕೆ ಅರ್ಥವಿಲ್ಲ.

ಎರಡೂ ಒಂದೇ ಕೋಟೆಯಲ್ಲಿ ಕಾಣಸಿಗುವುದು ಬೆಳಗಾವಿಯ ಭಾಗ್ಯ. ಕಮಲ ಬಸದಿ ಇರುವ ಕೋಟೆಯಲ್ಲೇ ಸಫಾ ಮಸೀದಿ ಇದೆ. ಅದನ್ನು 1519ರಲ್ಲಿ ಕಟ್ಟಿಸಿದವನು ಬಿಜಾಪುರದ ಸೇನಾಪತಿ ಅಸದ್ ಖಾನ್ ಲಾರಿ. ಹೆಸರೇ ಹೇಳುವಂತೆ ಇರಾನಿನ ಲಾರ್ ಪ್ರಾಂತದ ನಂಟಿನವನು. ಬೆಳಗಾವಿಯನ್ನು ದೀರ್ಘಕಾಲ ಆಳಿ 1549ರಲ್ಲಿ ತೀರಿಕೊಂಡ. ಮಸೀದಿಯ ಒಳಗಿನ ಕಂಬಗಳು ಹಳೆಯ ಗುಡಿಗಳವು. ಎರಡು ಕಂಬಗಳ ಮೇಲೆ ನಾಗರಿ ಲಿಪಿಯಲ್ಲಿ ಬರೆದ ಕನ್ನಡ ಶಾಸನಗಳಿವೆ: ಒಂದು 1199ರದು, ರಟ್ಟರ ಕಾರ್ತವೀರ್ಯನ ಕಾಲದ್ದು, ಇನ್ನೊಂದು 1261ರದು, ಸೇವುಣರ ಕೃಷ್ಣನ ಕಾಲದ್ದು. ಬಾಗಿಲ ಬಳಿ ಪರ್ಷಿಯನ್ ಶಾಸನ. ಗುಡಿ ಕೆಡವಿದ ಕಲ್ಲು ಮಸೀದಿಗೆ ಬಂದದ್ದನ್ನು ಮುಚ್ಚಿಡಬೇಕಾಗಿಲ್ಲ. ಹಾಗೆಯೇ, ಆ ಶಾಸನಗಳು ಅಳಿಯದೆ ಉಳಿದಿರುವುದು ಆ ಕಂಬಗಳು ಒಂದು ಮಾಡಿನ ಕೆಳಗೆ ನಿಂತಿರುವುದರಿಂದ ಎಂಬುದನ್ನೂ ಮರೆಯಬೇಕಾಗಿಲ್ಲ. ಕೊನ್ಯಾದ ಮಸೀದಿಯ ರೋಮನ್ ಕಂಬಗಳ ಕತೆಯೂ ಇದೇ.

ಹುಕ್ಕೇರಿ, ಬೆಳಗಾವಿಗಳ ಮುಂದಿನ ತಲೆಮಾರಿನಲ್ಲಿ ಬಿಜಾಪುರದ ಗೌಂಡಿಗಳು ಇನ್ನೊಂದು ಹೆಜ್ಜೆ ಇಟ್ಟರು. ಮೂಲೆಗಮಾನನ್ನು ಕೈಬಿಟ್ಟು, ಚೌಕದ ಬದಿಗಳಿಂದ ಹೊರಟ ಎಂಟು ದೊಡ್ಡ ಕಮಾನುಗಳನ್ನು ಒಂದನ್ನೊಂದು ಕತ್ತರಿಸಿ ಹಾಯುವಂತೆ ಎಬ್ಬಿಸಿದರು. ಒಂದರ ಮೇಲೊಂದು ಓರೆಯಾಗಿ ಇಟ್ಟ ಎರಡು ಚೌಕಗಳಂತೆ ಅವು ಹೆಣೆದುಕೊಂಡು ನಡುವೆ ಎಂಟು ಮೂಲೆಯ ಬಾಯಿ ಬಿಡುತ್ತವೆ; ಗುಮ್ಮಟ ಕೂರುವುದು ಅದರ ಮೇಲೆ. ಕತ್ತರಿ ಹಾಯುವ ಕಮಾನುಗಳ ಬಳಕೆ ಹದಿನೈದನೆಯ ಶತಮಾನದ ಪೂರ್ವ ಇರಾನಿನಲ್ಲಿ, 1444ರ ಖರ್ಗಿರ್ದ್ ಮದರಸಾದಲ್ಲಿ, ಕಾಣುತ್ತದೆ. ಆದರೆ ಅದನ್ನು ಇಷ್ಟು ದೊಡ್ಡದಾಗಿ ಬೆಳೆಸಿದ ಕೀರ್ತಿ ಬಿಜಾಪುರದ್ದು. ಮೊದಲನೆಯ ಅಲಿ ಆದಿಲ್ ಷಾ ಕಟ್ಟಿಸತೊಡಗಿದ ಜಾಮಿ ಮಸೀದಿಯಲ್ಲಿ ಈ ಕ್ರಮ ಚೊಕ್ಕವಾಗಿ ಕಾಣುತ್ತದೆ. 1656ರ ಹೊತ್ತಿಗೆ ನಿಂತ ಗೋಲಗುಂಬಜಿನಲ್ಲಿ ಅದು ತನ್ನ ತುದಿ ಮುಟ್ಟಿತು. ಅಲ್ಲಿ ಕೋಣೆಯ ಒಂದೊಂದು ಬದಿ 135 ಅಡಿ, ಗುಮ್ಮಟದ ಒಳಗಲ 124 ಅಡಿ, ಗುಮ್ಮಟದ ಸಿಪ್ಪೆಯ ದಪ್ಪ ಸುಮಾರು 10 ಅಡಿ. ಒಳಕ್ಕೆ ಚಾಚಿಕೊಂಡ ಕಮಾನುಗಳ ಭಾರ ಗುಮ್ಮಟದ ಹೊರನೂಕನ್ನು ಎದುರಿಸುತ್ತದೆ. ಅಷ್ಟು ದೊಡ್ಡ ಗುಮ್ಮಟ ನಿಂತಿರುವ ಗುಟ್ಟು ಅದೇ. ಇಸ್ಫಹಾನಿನ ನಿಜಾಮ್ ಉಲ್ ಮುಲ್ಕನ ಗುಮ್ಮಟಕ್ಕೆ ಹೋಲಿಸಿದರೆ ಅಗಲ ಎರಡೂವರೆ ಪಟ್ಟು.

1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ ಮೇಲೆ ದೊಡ್ಡ ಕಟ್ಟಡಗಳ ಕಾಲ ಮುಗಿಯಿತು. ಘಟಪ್ರಭೆಯ ದಂಡೆಯ ಗೋಕಾಕ 1717ರಿಂದ 1754ರವರೆಗೆ ಸವಣೂರಿನ ನವಾಬರ ಕೈಯಲ್ಲಿತ್ತು. ಅಲ್ಲಿಯ ಮಸೀದಿ ಮತ್ತು ಗಂಜಿಖಾನೆ ಅವರು ಕಟ್ಟಿಸಿದವು. ಆ ಹೊತ್ತಿಗೆ ಸುಲ್ತಾನರ ಖಜಾನೆಯೂ ಇರಲಿಲ್ಲ, ಕಡಲಾಚೆಯಿಂದ ಕೆಲಸಗಾರರೂ ಬರುತ್ತಿರಲಿಲ್ಲ. ಮಸೀದಿ ಎಂಬುದು ಸ್ಥಳೀಯ ಗೌಂಡಿಗಳ ಕೈಗೆ ಒಗ್ಗಿದ ಕೆಲಸವಾಗಿತ್ತು. ಗೋಕಾಕದಿಂದ ಬೇರೆಯಾಗಿ ಈಚೆಗೆ ತಾಲ್ಲೂಕಾದ ಮೂಡಲಗಿಯ ಸುತ್ತಲಿನ ಹಳ್ಳಿಗಳಲ್ಲಿ, ಹುಕ್ಕೇರಿ ಸೀಮೆಯಲ್ಲಿ ಇಂದು ಕಾಣುವ ಊರ ಮಸೀದಿಗಳು, ದರ್ಗಾಗಳು ಬಹುಮಟ್ಟಿಗೆ ಇನ್ನೂ ಈಚಿನವು, ಸಿಮೆಂಟು ಕಾಂಕ್ರೀಟಿನವು. ಕಾಂಕ್ರೀಟಿನ ಗುಮ್ಮಟಕ್ಕೆ ಮೂಲೆಗಮಾನು ಬೇಕಿಲ್ಲ, ದಪ್ಪ ಗೋಡೆಯೂ ಬೇಕಿಲ್ಲ. ಕಬ್ಬಿಣದ ಸರಳು ಆ ಕೆಲಸ ಮಾಡುತ್ತದೆ. ಗುಮ್ಮಟದ ಆಕಾರ ಉಳಿದಿದೆ, ಆ ಆಕಾರವನ್ನು ಹುಟ್ಟಿಸಿದ ಲೆಕ್ಕ ಹೋಗಿದೆ.

ಬಿಜಾಪುರದ ಕಟ್ಟಡಗಳ ಅಳತೆ, ನಕ್ಷೆ, ಚಿತ್ರಗಳನ್ನು ಪುರಾತತ್ವಜ್ಞ ಹೆನ್ರಿ ಕಸೆನ್ಸ್ 1916ರಲ್ಲಿ ದೊಡ್ಡ ಪುಸ್ತಕವಾಗಿ ಹೊರತಂದ. ಅದು ಇಂಗ್ಲಿಷಿನಲ್ಲಿದೆ. ಹುಕ್ಕೇರಿಯ ಗುಮ್ಮಟಗಳಿಗೂ ಗೋಕಾಕದ ಮಸೀದಿಗೂ ಅಂಥದೇ ಅಳತೆಯ ಕೆಲಸವಾಗಿ, ಅದು ಕನ್ನಡದಲ್ಲೇ ಪ್ರಕಟವಾಗಬೇಕು. ಬೆಳಗಾವಿಯ ಇಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದು ಒಂದೆರಡು ವರ್ಷದಲ್ಲಿ ಮುಗಿಯುವ ಕೆಲಸ.